ಡೇರೆಯ ಹಿಂಬದಿ

ಊರಿಗೆ ಸರ್ಕಸ್ ಬರುವುದೆಂದರೆ ಒಂದು ಕಾಲದಲ್ಲಿ ಜಾತ್ರೆ ಬಂದಂತೆಯೇ ಆಗುತ್ತಿತ್ತು. ಊರ ಹೊರಗಿನ ಬಯಲಿನಲ್ಲಿ ಕೆಲವೇ ದಿನಗಳೊಳಗೆ ಗುಡ್ಡದಂತಹ ಡೇರೆಯೊಂದು ಎದ್ದು ನಿಲ್ಲುತ್ತಿತ್ತು. ಬಣ್ಣಬಣ್ಣದ ಕರಪತ್ರಗಳನ್ನು ಎಸೆಯುತ್ತ ತಮಟೆಯ ಗಾಡಿ ಬೀದಿಬೀದಿಗಳಲ್ಲಿ ಸುತ್ತುತ್ತಿತ್ತು; ಅದರ ಬೆನ್ನಿಗೆ ಹುಡುಗರ ಹಿಂಡು. ಕತ್ತಲಾದೊಡನೆ ಡೇರೆಯ ಬಳಿಯಿಂದ ಹೊಮ್ಮಿದ ಬೆಳಕಿನ ಕೋಲು ಆಕಾಶವನ್ನೆಲ್ಲ ತಡಕಾಡುತ್ತ ಸುತ್ತಲಿನ ಹಳ್ಳಿಗಳಿಗೂ ಸುದ್ದಿ ಮುಟ್ಟಿಸುತ್ತಿತ್ತು. ಮೈಸೂರಿನಲ್ಲಿ ದಸರೆಯ ದಿನಗಳಲ್ಲಿ ಸರ್ಕಸ್ ಬೀಡುಬಿಟ್ಟರಂತೂ ಜಂಬೂಸವಾರಿ, ವಸ್ತುಪ್ರದರ್ಶನಗಳ ಜೊತೆಗೆ ಅದೂ ನೋಡಲೇಬೇಕಾದ ನೋಟವಾಗುತ್ತಿತ್ತು. ಸಿನಿಮಾ ಎಂದರೆ ಮುಖ ಸಿಂಡರಿಸುತ್ತಿದ್ದ ಹಿರಿಯರೂ ಸರ್ಕಸ್ಸಿಗೆ ಅಡ್ಡಿ ಹೇಳುತ್ತಿರಲಿಲ್ಲ. ಅಜ್ಜಿಯಿಂದ ಹಿಡಿದು ಮೊಮ್ಮಗನವರೆಗೆ ಎಲ್ಲರೂ ಒಂದೇ ಹಲಗೆಯ ಮೇಲೆ ಕುಳಿತು ನೋಡಬಹುದಾದ ನಿರ್ದೋಷವಾದ ಮನರಂಜನೆ ಅದು ಎಂಬುದು ಸರ್ವರ ಎಣಿಕೆಯಾಗಿತ್ತು.

ಆದರೆ ಆ ಹಲಗೆಯ ಮೇಲೆ ಕುಳಿತ ಮಕ್ಕಳೆಲ್ಲರೂ ನಗುತ್ತಿದ್ದರೆ? ಬಫೂನನು ಹತ್ತಿರ ಬಂದೊಡನೆ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಮಗು ಪ್ರತಿ ಆಟದಲ್ಲಿಯೂ ಒಂದಾದರೂ ಇರುತ್ತಿತ್ತು. ಸಿಂಹವು ಬೆಂಕಿಯ ಬಳೆಯೊಳಗಿಂದ ಹಾರುವಾಗ ದೊಡ್ಡವರು ಚಪ್ಪಾಳೆ ತಟ್ಟುತ್ತಿದ್ದರೆ, ಅವರ ನಡುವೆ ಒಂದು ಮಗು, "ಅದಕ್ಕೆ ಸುಡುವುದಿಲ್ಲವೇ?" ಎಂದು ಕೇಳುತ್ತಿತ್ತು. ಡೇರೆಯ ಪಕ್ಕದಲ್ಲಿ ಕಾಲಿಗೆ ಸರಪಣಿ ಬಿಗಿಸಿಕೊಂಡು ನಿಂತ ಆನೆಯು ಬಿಡುವಿಲ್ಲದೆ ಎಡಕ್ಕೂ ಬಲಕ್ಕೂ ತೂಗುತ್ತಿರುವುದನ್ನು ಕಂಡು, "ಅದು ಯಾಕೆ ಹಾಗೆ ಮಾಡುತ್ತದೆ?" ಎಂದು ಇನ್ನೊಂದು ಮಗು ಕೇಳುತ್ತಿತ್ತು. "ಬ್ಯಾಂಡಿನ ಸದ್ದಿಗೆ ಕುಣಿಯುತ್ತಿದೆ" ಎಂದು ತಂದೆ ಉತ್ತರ ಕೊಡುತ್ತಿದ್ದರು. ಬ್ಯಾಂಡು ನಿಂತ ಮೇಲೂ ಆನೆ ತೂಗುತ್ತಲೇ ಇದ್ದುದನ್ನು ಮಗು ಮಾತ್ರ ಗಮನಿಸುತ್ತಿತ್ತು. ಹಿರಿಯರು ಈ ಅಳುಕನ್ನು ಪುಕ್ಕಲುತನವೆಂದು ಕರೆದು ಮರೆತುಬಿಡುತ್ತಿದ್ದರು. ಮಕ್ಕಳು ಕೇಳಿದ ಈ ಪ್ರಶ್ನೆಗಳನ್ನೇ ನಮ್ಮ ದೇಶದ ಉಚ್ಚ ನ್ಯಾಯಾಲಯಗಳೂ ಸರ್ವೋಚ್ಚ ನ್ಯಾಯಾಲಯವೂ ಮುಂದೆ ಕೇಳಬೇಕಾಗಿ ಬಂದಿತೆಂಬುದು ಗಮನಾರ್ಹವಾದ ಸಂಗತಿ.

ಸರ್ಕಸ್ಸಿನ ಮೂಲದಲ್ಲಿ ಇಂತಹ ಕತ್ತಲೆಯೇನೂ ಇರಲಿಲ್ಲ. 1768ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಂಡೆಯ ಬಳಿ ಫಿಲಿಪ್ ಆಸ್ಟ್ಲಿ ಎಂಬ ನಿವೃತ್ತ ಕುದುರೆ ಸವಾರನು ಓಡುವ ಕುದುರೆಯ ಬೆನ್ನಿನ ಮೇಲೆ ನಿಂತು ಸಾಹಸ ತೋರಿಸಲು ತೊಡಗಿದನು. ಕುದುರೆಯು ನೇರವಾಗಿ ಓಡುವುದಕ್ಕಿಂತ ಸುತ್ತು ಹಾಕುತ್ತ ಓಡಿದರೆ ಸವಾರನು ಒಳಮುಖವಾಗಿ ಬಾಗಿ ಸುಲಭವಾಗಿ ಸಮತೋಲ ಕಾಯ್ದುಕೊಳ್ಳಬಹುದೆಂಬುದು ಅನುಭವದಿಂದ ತಿಳಿದ ಮಾತು. ಹೀಗಾಗಿ ಆಟದ ಅಂಗಳ ವೃತ್ತಾಕಾರವಾಯಿತು. ಕಾಲಕ್ರಮದಲ್ಲಿ ಅದರ ವ್ಯಾಸ 42 ಅಡಿ ಎಂದು ನೆಲೆಗೊಂಡಿತು. ಇಂದಿಗೂ ಜಗತ್ತಿನ ಬಹುಪಾಲು ಸರ್ಕಸ್ಸುಗಳಲ್ಲಿ ಅಂಗಳದ ಅಳತೆ ಅದೇ. ಕುದುರೆಯಾಟಗಳ ನಡುವಿನ ಬಿಡುವನ್ನು ತುಂಬಲು ಹಗ್ಗದ ಮೇಲೆ ನಡೆಯುವವರೂ ಲಾಗ ಹಾಕುವವರೂ ನಗಿಸುವವರೂ ಬಂದು ಸೇರಿದರು. ಕಾಡುಮೃಗಗಳು ಮುಖ್ಯ ಆಕರ್ಷಣೆಯಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಮೆರಿಕದ ವ್ಯಾನ್ ಆಂಬರ್ಗ್ ಎಂಬಾತನು ಸಿಂಹ, ಹುಲಿಗಳ ಬೋನಿನೊಳಗೆ ಹೊಕ್ಕು ಅವುಗಳನ್ನು ಹೊಡೆದು ಬಗ್ಗಿಸುವ ಆಟದಿಂದಲೇ ಹೆಸರು ಗಳಿಸಿದನು. 1839ರಲ್ಲಿ ವಿಕ್ಟೋರಿಯಾ ರಾಣಿಯು ಅದನ್ನು ಮತ್ತೆ ಮತ್ತೆ ಹೋಗಿ ನೋಡಿದಳು. ಆ ದೃಶ್ಯವನ್ನು ಲ್ಯಾಂಡ್‌ಸೀರ್ ಎಂಬ ಚಿತ್ರಕಾರನಿಂದ ಬರೆಯಿಸಿದಳು ಕೂಡ. ಅರಸೊತ್ತಿಗೆಯ ಮೆಚ್ಚುಗೆ ದೊರೆತ ಮೇಲೆ ಸಾಮಾನ್ಯ ಜನ ಸಂಶಯಪಡುವುದುಂಟೇ?

ಭಾರತದಲ್ಲಿ ಈ ಕಲೆ ಬೇರೂರಿದ ಕಥೆ ಸ್ವಾರಸ್ಯವಾಗಿದೆ. ಕೃಷ್ಣಾತೀರದ ಕುರುಂದವಾಡ ಸಂಸ್ಥಾನದಲ್ಲಿ ಕುದುರೆಗಳ ಮೇಲ್ವಿಚಾರಕರಾಗಿದ್ದ ವಿಷ್ಣುಪಂತ ಛತ್ರೆಯವರು ಮುಂಬಯಿಗೆ ಬಂದಿದ್ದ ಚಿಯಾರಿನಿ ಎಂಬ ಇಟಲಿಯವನ ಸರ್ಕಸ್ಸನ್ನು ಕಂಡರು. ಭಾರತೀಯರಿಗೆ ಇಂತಹ ಆಟವನ್ನು ಕಟ್ಟುವ ಶಕ್ತಿ ಇನ್ನೂ ಬಂದಿಲ್ಲವೆಂದು ಆತನು ಹೀಯಾಳಿಸಿದನೆಂದೂ ಛತ್ರೆಯವರು ಆ ಸವಾಲನ್ನು ಸ್ವೀಕರಿಸಿದರೆಂದೂ ಹೇಳುತ್ತಾರೆ. 1880ರಲ್ಲಿ ಅವರ 'ಗ್ರೇಟ್ ಇಂಡಿಯನ್ ಸರ್ಕಸ್' ತನ್ನ ಮೊದಲ ಪ್ರದರ್ಶನವನ್ನು ನೀಡಿತು. ತಮ್ಮ ತಂಡದೊಡನೆ ಸಂಚರಿಸುತ್ತ ಛತ್ರೆಯವರು ಮಲಬಾರಿನ ತಲಶ್ಶೇರಿಗೆ ಹೋದಾಗ ಅಲ್ಲಿ ಕೀಲೇರಿ ಕುಞಿಕಣ್ಣನ್ ಎಂಬ ಅಂಗಸಾಧನೆಯ ಗುರುವಿನ ಪರಿಚಯವಾಯಿತು. ಕುಞಿಕಣ್ಣನ್ ಅವರು 1901ರಲ್ಲಿ ತಲಶ್ಶೇರಿಯ ಬಳಿಯ ಚಿರಕ್ಕರದಲ್ಲಿ ಸರ್ಕಸ್ ಕಲಿಸುವ ಶಾಲೆಯೊಂದನ್ನು ತೆರೆದರು. ಕೊಡಗಿನ ಘಟ್ಟವನ್ನು ಇಳಿದರೆ ಸಿಗುವ ಆ ಪುಟ್ಟ ಕಡಲತೀರದ ಊರು ಭಾರತೀಯ ಸರ್ಕಸ್ಸಿನ ತವರೆನಿಸಿತು. ಬಡ ಮನೆಗಳ ಹುಡುಗ ಹುಡುಗಿಯರು ಅಲ್ಲಿ ಕಲಿತು ದೇಶವಿದೇಶಗಳಲ್ಲಿ ಹೆಸರು ಮಾಡಿದರು. ಬೇರೆ ದಾರಿಗಳೆಲ್ಲ ಮುಚ್ಚಿದ್ದ ಕಾಲದಲ್ಲಿ ಸರ್ಕಸ್ ಅವರಿಗೆ ಅನ್ನವನ್ನೂ ಮಾನವನ್ನೂ ಕೊಟ್ಟಿತು. ಡೇರೆಯ ಹಿಂಬದಿಯ ಕತ್ತಲೆಯನ್ನು ಹೇಳುವಾಗ ಈ ಮಾತನ್ನು ಮರೆಯುವುದು ನ್ಯಾಯವಾಗದು.

ಅವರ ಕಲೆ ಸಾಮಾನ್ಯವಾದುದೂ ಅಲ್ಲ. ಎತ್ತರದ ಜೋಕಾಲಿಯಿಂದ ಜೋಕಾಲಿಗೆ ಹಾರುವ ಆಟವನ್ನು ನೋಡಿದವರು ಅದನ್ನು ಧೈರ್ಯದ ಆಟವೆಂದು ಭಾವಿಸುವರು. ನಿಜವಾಗಿ ಅದು ಲೆಕ್ಕಾಚಾರದ ಆಟ. ಹಾರುವವಳು ಕೈಬಿಡುವ ಕ್ಷಣಕ್ಕೂ ಹಿಡಿಯುವವನು ತೂಗಿ ಬರುವ ಕ್ಷಣಕ್ಕೂ ಕಣ್ಣೆವೆಯಷ್ಟು ವ್ಯತ್ಯಾಸವಾದರೂ ಕೈಗಳು ಕೂಡುವುದಿಲ್ಲ. ಕೆಳಗೆ ಬಲೆಯಿದ್ದ ಮಾತ್ರಕ್ಕೆ ಅಪಾಯ ತಪ್ಪಿದಂತೆಯೂ ಅಲ್ಲ. ಬಲೆಗೆ ಬೀಳುವಾಗ ಬೆನ್ನಿನ ಮೇಲೆ ಬೀಳಬೇಕು. ಕಾಲೋ ಕೈಯೋ ಮೊದಲು ತಾಗಿದರೆ ಮೂಳೆ ಮುರಿಯುವುದು, ಕೊರಳು ಉಳುಕಿದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಹಾರುವುದನ್ನು ಕಲಿಸುವ ಮೊದಲು ಬೀಳುವುದನ್ನು ಕಲಿಸುತ್ತಾರೆ.

ಇಷ್ಟೆಲ್ಲ ಕಲಿಯಬೇಕಾದರೆ ಮೈ ಎಳೆಯದಾಗಿರುವಾಗಲೇ ತೊಡಗಬೇಕೆಂಬುದು ಸರ್ಕಸ್ಸಿನವರ ವಾದ. ಬಳ್ಳಿಯನ್ನು ಎಳೆಯದರಲ್ಲಿ ಬಗ್ಗಿಸಿದಂತೆ ಎಲುಬನ್ನೂ ಎಳೆಯದರಲ್ಲಿ ಬಗ್ಗಿಸಬೇಕಂತೆ. ಕಲಿಯುವ ಮಗು ಸಂಜೆಗೆ ಮನೆಗೆ ಹೋಗಿ ತಾಯಿಯ ಕೈಯ ಅನ್ನ ಉಣ್ಣುವಂತಿದ್ದರೆ ಈ ವಾದವನ್ನು ಒಪ್ಪಬಹುದಿತ್ತೇನೋ! ಆದರೆ ಕಾಲ ಬದಲಾದಂತೆ ಮಲಬಾರಿನ ಕುಟುಂಬಗಳು ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸತೊಡಗಿದವು. ಸರ್ಕಸ್ಸಿಗೆ ಮಕ್ಕಳು ಬೇರೆ ಕಡೆಯಿಂದ ಬರತೊಡಗಿದರು. ನೇಪಾಳದ ಬೆಟ್ಟಗುಡ್ಡಗಳಿಂದ, ಉತ್ತರ ಭಾರತದ ಬಡ ಹಳ್ಳಿಗಳಿಂದ ದಳ್ಳಾಳಿಗಳು ಅವರನ್ನು ಕರೆತಂದರು. ಓದುಬರಹವರಿಯದ ತಂದೆತಾಯಿಗಳು ಅಲ್ಪಸ್ವಲ್ಪ ಹಣ ಪಡೆದು ಹತ್ತು ವರ್ಷದ ಕರಾರುಪತ್ರಗಳಿಗೆ ಹೆಬ್ಬೆಟ್ಟು ಒತ್ತಿದರು. ಆ ಮಕ್ಕಳಿಗೆ ಶಾಲೆಯಿಲ್ಲ, ಊರಿಗೆ ಮರಳುವ ದಾರಿಯಿಲ್ಲ, ತಪ್ಪಿದರೆ ಹೊಡೆತ. ಡೇರೆಗಳಿಂದ ಬಿಡಿಸಿ ತಂದ ಮಕ್ಕಳಲ್ಲಿ ಕೆಲವರು ಇವಕ್ಕಿಂತ ಘೋರವಾದ ಹಿಂಸೆಯನ್ನು ಅನುಭವಿಸಿದುದೂ ಬೆಳಕಿಗೆ ಬಂದಿತು. ಜರತಾರಿ ಉಡುಪು ತೊಟ್ಟು ಮೇಲಿನ ಜೋಕಾಲಿಯಲ್ಲಿ ನಗುತ್ತಿದ್ದ ಹುಡುಗಿಗೂ ಕೆಳಗಿನ ಹಲಗೆಯಲ್ಲಿ ಕುಳಿತು ಅವಳನ್ನೇ ನೋಡುತ್ತಿದ್ದ ಹುಡುಗಿಗೂ ವಯಸ್ಸು ಒಂದೇ. ಆಟ ಮುಗಿದ ಮೇಲೆ ಒಬ್ಬಳು ತಂದೆಯ ಹೆಗಲೇರಿ ಮನೆಗೆ ಹೋಗುವಳು. ಇನ್ನೊಬ್ಬಳು ಮರುದಿನ ಬೆಳಗಿನ ಅಭ್ಯಾಸಕ್ಕೆ ಏಳಬೇಕು. "ಆ ಹುಡುಗಿ ಯಾವ ಇಸ್ಕೂಲಿಗೆ ಹೋಗುತ್ತಾಳೆ?" ಎಂದು ಮಗು ಕೇಳಿದ್ದರೆ ತಂದೆಯ ಬಳಿ ಉತ್ತರವಿರುತ್ತಿರಲಿಲ್ಲ.

ಉತ್ತರ ಹುಡುಕಿಕೊಂಡು ಹೊರಟವರು ಕೆಲವರಿದ್ದರು. ಬಚಪನ್ ಬಚಾವೋ ಆಂದೋಲನದ ಕೈಲಾಶ್ ಸತ್ಯಾರ್ಥಿಯವರು 2004ರಲ್ಲಿ ಉತ್ತರಪ್ರದೇಶದ ಗೊಂಡಾ ಜಿಲ್ಲೆಯಲ್ಲಿ ಸರ್ಕಸ್ಸೊಂದರಿಂದ ಹೆಣ್ಣುಮಕ್ಕಳನ್ನು ಬಿಡಿಸಲು ಹೋಗಿ ಪೆಟ್ಟು ತಿಂದರು. ಅವರ ಸಂಸ್ಥೆಯು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಸರ್ಕಸ್ಸುಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಿ ಅಧಿಸೂಚನೆ ಹೊರಡಿಸಬೇಕೆಂದೂ ಅಲ್ಲಿರುವ ಮಕ್ಕಳನ್ನು ಬಿಡಿಸಿ ಅವರಿಗೆ ನೆಲೆ ಕಲ್ಪಿಸಬೇಕೆಂದೂ 2011ರ ಏಪ್ರಿಲ್ 18ರಂದು ನ್ಯಾಯಾಲಯವು ಕೇಂದ್ರ ಸರಕಾರಕ್ಕೆ ಆದೇಶವಿತ್ತಿತು. 2014ರಲ್ಲಿ ಸತ್ಯಾರ್ಥಿಯವರಿಗೆ ನೊಬೆಲ್ ಶಾಂತಿ ಪಾರಿತೋಷಕದಲ್ಲಿ ಪಾಲು ದೊರೆಯಿತು. 2016ರಲ್ಲಿ ಬಾಲಕಾರ್ಮಿಕ ಕಾಯಿದೆಯನ್ನು ತಿದ್ದಿದಾಗ ಹದಿನಾಲ್ಕು ವರ್ಷದೊಳಗಿನವರು ಚಲನಚಿತ್ರ, ದೂರದರ್ಶನ ಮೊದಲಾದವುಗಳಲ್ಲಿ ಕಲಾವಿದರಾಗಿ ಭಾಗವಹಿಸಲು ಕೆಲವು ಕಟ್ಟಳೆಗಳೊಡನೆ ಅವಕಾಶವಿತ್ತರಾದರೂ, 'ಸರ್ಕಸ್ಸನ್ನು ಬಿಟ್ಟು' ಎಂಬ ಅರ್ಥದ ಮಾತನ್ನು ಕಾಯಿದೆಯೊಳಗೇ ಸೇರಿಸಿದರು.

ಮೃಗಗಳ ಕಥೆ ಇದಕ್ಕಿಂತ ಮೂಕವಾದುದು. ಕರಡಿಗೆ ಸೈಕಲ್ ಹೊಡೆಯುವ ಆಸೆ ತಾನಾಗಿ ಹುಟ್ಟುವುದಿಲ್ಲ. ಕಾಡಿನ ಆನೆಯು ಮುಕ್ಕಾಲಿಯ ಮೇಲೆ ಕುಳಿತು ಮುಂಗಾಲುಗಳನ್ನು ಎತ್ತಿದುದನ್ನು ಕಂಡವರಿಲ್ಲ. ಅಷ್ಟು ಭಾರದ ದೇಹ ಹಿಂಗಾಲುಗಳ ಮೇಲೆ ನಿಂತರೆ ಕೀಲುಗಳಿಗೆ ಕೇಡು. ಒಲುಮೆಯಿಂದಲೂ ಪ್ರಾಣಿಗಳಿಗೆ ಆಟ ಕಲಿಸಬಹುದೆಂಬುದನ್ನು ಹ್ಯಾಂಬರ್ಗ್ ನಗರದ ಕಾರ್ಲ್ ಹಾಗೆನ್‌ಬೆಕ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ತೋರಿಸಿಕೊಟ್ಟಿದ್ದನು. ತಿನಿಸನ್ನು ಕೊಟ್ಟು, ಪ್ರತಿಯೊಂದು ಪ್ರಾಣಿಯ ಸ್ವಭಾವವನ್ನು ಅರಿತು ಕಲಿಸುವುದು ಆತನ ಕ್ರಮ. ಆದರೆ ಅದಕ್ಕೆ ತಾಳ್ಮೆ ಬೇಕು, ಕಾಲ ಬೇಕು. ವಾರ ವಾರಕ್ಕೂ ಊರು ಬದಲಿಸುವ, ದಿನಕ್ಕೆ ಮೂರು ಆಟ ನಡೆಸುವ ತಂಡಗಳಿಗೆ ಅಂಕುಶ, ಚಾವಟಿ, ಉಪವಾಸಗಳೇ ಹತ್ತಿರದ ದಾರಿಗಳಾದವು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ರೇಕ್ಷಕರು ಮೃಗಗಳ ಮುಖವನ್ನು ಮನುಷ್ಯರ ಮುಖದಂತೆ ಓದುತ್ತಾರೆ. ಕೋತಿಯು ತುಟಿ ಸರಿಸಿ ಹಲ್ಲು ತೋರಿಸಿದರೆ ಅದು ನಗುತ್ತಿದೆಯೆಂದು ಜನ ನಗುವರು. ಹಲವು ಬಗೆಯ ಕೋತಿಗಳಲ್ಲಿ ಅದು ಅಂಜಿಕೆಯ, ಶರಣಾಗತಿಯ ಗುರುತು. ಹುಲಿಯು ಕಿವಿಗಳನ್ನು ತಲೆಗೆ ಒತ್ತಿ, ಮೈ ಕುಗ್ಗಿಸಿ ಗುರ್ರೆಂದರೆ ಅದರ ರೌದ್ರವನ್ನು ಕಂಡು ಜನ ನಡುಗುವರು. ಬೆಕ್ಕನ್ನು ಸಾಕಿದ ಯಾವ ಮನೆಯ ಮಗುವಾದರೂ ಅದು ಹೆದರಿದ ಬೆಕ್ಕಿನ ಭಂಗಿಯೆಂದು ಹೇಳಬಲ್ಲದು. ಆನೆಯ ತೂಗಾಟವೂ ಕುಣಿತವಲ್ಲ. ಕಾಡಿನಲ್ಲಿ ಹಗಲಿರುಳೆನ್ನದೆ ಮೈಲಿಗಟ್ಟಲೆ ನಡೆದು ಮೇಯುವ ಪ್ರಾಣಿಯನ್ನು ನಾಲ್ಕು ಮಾರು ಸರಪಣಿಗೆ ಕಟ್ಟಿದಾಗ, ನಡೆಯಲಾರದ ನಡಿಗೆಯು ಹೀಗೆ ನಿಂತಲ್ಲೇ ತೂಗುವ ಚಟವಾಗುತ್ತದೆ. ಬೋನಿನ ಹುಲಿಯು ಒಂದೇ ಗೆರೆಯಲ್ಲಿ ಅತ್ತಿಂದಿತ್ತ ತಿರುಗುವುದೂ ಇದೇ ಜಾತಿಯದು. ಪ್ರಾಣಿಶಾಸ್ತ್ರಜ್ಞರು ಇದನ್ನು ಸೆರೆಯ ಜೀವನದಿಂದ ಬರುವ ವರ್ತನೆಯ ದೋಷವೆಂದು ಗುರುತಿಸಿದ್ದಾರೆ. ಅಂದರೆ, ಬ್ಯಾಂಡಿನ ಸದ್ದಿಗೂ ಆನೆಗೂ ಸಂಬಂಧವಿಲ್ಲವೆಂದು ಊಹಿಸಿದ ಮಗುವಿನ ಕಣ್ಣು ಸರಿಯಾಗಿಯೇ ಕಂಡಿತ್ತು.

ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಕಾಯಿದೆ ನಮ್ಮಲ್ಲಿ ಬಂದದ್ದು 1960ರಲ್ಲಿ. ಅದರ ಅಡಿಯಲ್ಲಿ ಕರಡಿ, ಕೋತಿ, ಹುಲಿ, ಚಿರತೆ ಮೊದಲಾದವನ್ನು ಪ್ರದರ್ಶನಕ್ಕಾಗಿ ಪಳಗಿಸಬಾರದೆಂದು ಕೇಂದ್ರ ಸರಕಾರ 1991ರಲ್ಲಿ ಅಧಿಸೂಚನೆ ಹೊರಡಿಸಿತು. ಸರ್ಕಸ್ಸಿನ ಒಡೆಯರು ನ್ಯಾಯಾಲಯಕ್ಕೆ ಹೋದರು. ಮತ್ತೆ ಪರಿಶೀಲನೆ ನಡೆದು, 1998ರಲ್ಲಿ ಸಿಂಹವನ್ನೂ ಸೇರಿಸಿ ಹೊಸ ಅಧಿಸೂಚನೆ ಬಂದಿತು. 2000ದಲ್ಲಿ ಕೇರಳದ ಉಚ್ಚ ನ್ಯಾಯಾಲಯವೂ 2001ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದವು. ಸರ್ಕಸ್ಸಿನ ತವರಾದ ಕೇರಳದಲ್ಲಿಯೇ ಈ ತೀರ್ಪು ಮೊದಲು ಹೊರಬಿದ್ದುದು ಕಾಕತಾಳೀಯವಿರಬಹುದು. ಆನೆ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಅದು ಇನ್ನೂ ಹಲವು ವರ್ಷ ಮುಕ್ಕಾಲಿಯ ಮೇಲೆ ಕುಳಿತುಕೊಳ್ಳಬೇಕಾಯಿತು.

ಬಫೂನನನ್ನು ಕಂಡು ಮಕ್ಕಳು ಹೆದರುವುದೇಕೆಂಬುದನ್ನೂ ಇಲ್ಲಿ ನೋಡಬಹುದು. ಮಾತು ಬರುವ ಮೊದಲೇ ಮಗು ಮುಖಗಳನ್ನು ಓದಲು ಕಲಿತಿರುತ್ತದೆ. ತಾಯಿಯ ಹುಬ್ಬು ಗಂಟಿಕ್ಕಿದರೆ, ತುಟಿ ಅರಳಿದರೆ ಅದಕ್ಕೆ ಅರ್ಥವಾಗುತ್ತದೆ. ಬಫೂನನ ಮುಖದಲ್ಲಿ ಬಣ್ಣದಿಂದ ಬರೆದ ನಗು ಒಂದು; ಅದರ ಒಳಗಿನ ನಿಜವಾದ ತುಟಿ ಇನ್ನೊಂದು. ಅವನು ಬಿದ್ದಾಗಲೂ ಬರೆದ ನಗು ಹಾಗೆಯೇ ಇರುತ್ತದೆ, ಅವನನ್ನು ಹೊಡೆದಾಗಲೂ ಹಾಗೆಯೇ ಇರುತ್ತದೆ. ಓದಲು ಬಾರದ ಮುಖವೆಂದರೆ ಮಗುವಿಗೆ ದಿಗಿಲು. ಬಿಳಿಯ ಬಣ್ಣ, ಕೆಂಪು ಕೆನ್ನೆಗಳ ಈ ವೇಷವನ್ನು ರೂಢಿಗೆ ತಂದವರಲ್ಲಿ ಪ್ರಮುಖನಾದ ಲಂಡನ್ನಿನ ಜೋಸೆಫ್ ಗ್ರಿಮಾಲ್ಡಿಯು ಕುಣಿದು ಬಿದ್ದು ನಗಿಸಿಯೇ ಮೈಯನ್ನೆಲ್ಲ ಜರ್ಝರಿತ ಮಾಡಿಕೊಂಡು, ನಲವತ್ತೈದರ ಆಸುಪಾಸಿನಲ್ಲಿಯೇ ರಂಗದಿಂದ ನಿವೃತ್ತನಾಗಬೇಕಾಯಿತು. ನಮ್ಮ ಸರ್ಕಸ್ಸುಗಳಲ್ಲಿ ಈ ವೇಷ ಬಹಳ ಸಲ ಕುಳ್ಳ ದೇಹದವರ ಪಾಲಿಗೆ ಬಂದಿತು. ಬೇರೆಲ್ಲಿಯೂ ಕೆಲಸ ದೊರೆಯದವರಿಗೆ ಅಲ್ಲಿ ದೊರೆಯಿತೆಂಬುದು ನಿಜ, ಅವರ ಎತ್ತರವೇ ನಗೆಯ ವಸ್ತುವಾಯಿತೆಂಬುದೂ ನಿಜ. ನಮ್ಮ ಯಕ್ಷಗಾನದ ಹಾಸ್ಯಗಾರನೂ ನಗಿಸುತ್ತಾನೆ. ಆದರೆ ಅವನಿಗೆ ಮಾತುಂಟು. ಮಹಾರಾಜನಿಗೇ ಎದುರುತ್ತರ ಕೊಟ್ಟು ಗೆಲ್ಲಬಲ್ಲನು. ಹೊಡೆತ ತಿಂದು ಮೂಕನಾಗಿ ಹೊರಳುವ ಬಫೂನನಿಗೆ ಆ ಭಾಗ್ಯವಿಲ್ಲ.

ಮಕ್ಕಳಿಗಾಗಿಯೇ ಕಥೆ ಕಟ್ಟುವವರು ಈ ಗುಟ್ಟನ್ನು ಬಲ್ಲರು. ವಾಲ್ಟ್ ಡಿಸ್ನಿಯವರ ಸಂಸ್ಥೆಯು 1941ರಲ್ಲಿ ತೆರೆಗೆ ತಂದ 'ಡಂಬೋ' ಎಂಬ ಚಿತ್ರದಲ್ಲಿ ಮರಿಯಾನೆಯ ದೊಡ್ಡ ಕಿವಿಗಳನ್ನು ಎಳೆದು ಗೇಲಿ ಮಾಡುವ ಹುಡುಗನನ್ನು ತಾಯಾನೆ ದಂಡಿಸುತ್ತದೆ. ಅದಕ್ಕೆ ಹುಚ್ಚು ಹಿಡಿಯಿತೆಂದು ಸರಪಣಿ ಬಿಗಿದು ಬಂಡಿಯೊಳಗೆ ಕೂಡಿಹಾಕುತ್ತಾರೆ. ಮರಿಗೆ ಬಫೂನನ ವೇಷ ಹಾಕಿಸುತ್ತಾರೆ. ಅದು ಕುಟುಂಬದ ಮನರಂಜನೆಯೆಂದೇ ಹೆಸರಾದ ಚಿತ್ರ. ಕಂಬಿಗಳ ನಡುವಿನಿಂದ ತಾಯಿಯ ಸೊಂಡಿಲು ಹೊರಬಂದು ಮರಿಯನ್ನು ತೂಗುವ ದೃಶ್ಯದಲ್ಲಿ ಅಳದ ಮಕ್ಕಳು ಕಡಮೆ.

ಇಲ್ಲಿಯವರೆಗೆ ಹೇಳಿದ ಕೇಡು ಅಂಗಳದ ಒಳಗಿನವರದು. ಹಲಗೆಯ ಮೇಲೆ ಕುಳಿತವರೂ ಅದರಿಂದ ಹೊರಗಿರಲಿಲ್ಲ. ಬೇಗ ಕಟ್ಟಿ ಬೇಗ ಬಿಚ್ಚಬೇಕಾದ ಡೇರೆ. ಬಟ್ಟೆಯ ಮಾಡು, ಮರದ ಹಲಗೆ, ಕಿರಿದಾದ ದಾರಿಗಳು. 1944ರ ಜುಲೈ 6ರಂದು ಅಮೆರಿಕದ ಹಾರ್ಟ್‌ಫೋರ್ಡ್ ನಗರದಲ್ಲಿ ನಡೆದ ಹಗಲಿನ ಆಟಕ್ಕೆ ಬಂದವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಯುದ್ಧದ ಕಾಲ ಅದು. ಮಳೆನೀರು ಇಳಿಯದಿರಲೆಂದು ಡೇರೆಯ ಬಟ್ಟೆಗೆ ಪೆಟ್ರೋಲಿನಲ್ಲಿ ಕರಗಿಸಿದ ಮೇಣವನ್ನು ಬಳಿದಿದ್ದರು. ಕಿಡಿ ತಗುಲಿದೊಡನೆ ಮಾಡೆಲ್ಲ ಉರಿದು, ಕರಗಿದ ಮೇಣ ಮಳೆಯಂತೆ ಸುರಿಯಿತು. ಹುಲಿ ಸಿಂಹಗಳನ್ನು ಸಾಗಿಸಲು ಹಾಕಿದ್ದ ಕಬ್ಬಿಣದ ಸುರಂಗಗಳು ಜನ ಓಡುವ ದಾರಿಗೆ ಅಡ್ಡವಾದವು. ಸತ್ತವರು 160ಕ್ಕೂ ಹೆಚ್ಚು. 1961ರ ಡಿಸೆಂಬರಿನಲ್ಲಿ ಬ್ರೆಜಿಲ್ ದೇಶದ ನಿಟೆರಾಯ್ ನಗರದಲ್ಲಿ ಇಂತಹುದೇ ಬೆಂಕಿಗೆ 500ಕ್ಕೂ ಮಿಕ್ಕಿ ಜನ ಬಲಿಯಾದರು. ನಮ್ಮ ಬೆಂಗಳೂರಿನಲ್ಲಿ 1981ರ ಫೆಬ್ರುವರಿ 7ರ ಶನಿವಾರ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದಿತು. ಉರಿಗೂ ನೂಕುನುಗ್ಗಲಿಗೂ ಸಿಕ್ಕಿ 92 ಮಂದಿ ಪ್ರಾಣ ಬಿಟ್ಟರು; ಅವರಲ್ಲಿ ಬಹುಪಾಲು ಮಕ್ಕಳು.

ಹಾರ್ಟ್‌ಫೋರ್ಡಿನ ಬೆಂಕಿಯಂದು ಎಮೆಟ್ ಕೆಲ್ಲಿ ಎಂಬ ಬಫೂನನು ಬಣ್ಣದ ಮುಖದಲ್ಲಿಯೇ, ದೊಗಳೆ ಉಡುಪಿನಲ್ಲಿಯೇ, ಕೈಯಲ್ಲೊಂದು ನೀರಿನ ಬಕೆಟ್ ಹಿಡಿದು ಡೇರೆಯತ್ತ ಧಾವಿಸುತ್ತಿರುವ ಛಾಯಾಚಿತ್ರವೊಂದಿದೆ. ಬ್ಯಾಂಡಿನವರು ಆಪತ್ತಿನ ಸಂಕೇತವಾದ ರಾಗವನ್ನು ನುಡಿಸುತ್ತ, ಉರಿ ತೀರ ಹತ್ತಿರ ಬರುವವರೆಗೂ ಕದಲದೆ ನಿಂತಿದ್ದರು. ಡೇರೆಯ ಹಿಂಬದಿಯಲ್ಲಿ ಬರಿಯ ಚಾವಟಿಗಳಿದ್ದವೆಂದು ತಿಳಿಯುವವರು ಇದನ್ನೂ ನೆನೆಯಬೇಕು. ಸರ್ಕಸ್ಸಿನವರಲ್ಲಿ ಕ್ರೂರಿಗಳಿಗಿಂತ ಬಡವರೇ ಹೆಚ್ಚು. ತಂಡವೆಂಬುದು ನೂರಾರು ಹೊಟ್ಟೆಗಳ ಸಂಸಾರ. ಒಂದು ವಾರ ಮಳೆ ಹಿಡಿದರೆ ಆನೆಗೆ ಮೇವೂ ಇಲ್ಲ, ಆಳಿಗೆ ಸಂಬಳವೂ ಇಲ್ಲ. ಕೇರಳ ಸರಕಾರವು ಮುದಿಯಾದ, ಅಶಕ್ತರಾದ ಸರ್ಕಸ್ ಕಲಾವಿದರಿಗೆ ಪಿಂಚಣಿ ನೀಡುವ ಏರ್ಪಾಡು ಮಾಡಿತು. ಬೇರೆ ರಾಜ್ಯಗಳವರಿಗೆ ಅಂಥ ಆಸರೆ ಎಷ್ಟು ದೊರೆಯಿತೆಂಬುದು ಕೇಳಬೇಕಾದ ಪ್ರಶ್ನೆಯೇ.

ಮೃಗಗಳೂ ಮಕ್ಕಳೂ ಹೊರಟುಹೋದ ಮೇಲೆ ಸರ್ಕಸ್ಸು ಸೊರಗಿತೆಂಬ ದೂರಿದೆ. ಸೊರಗಿದುದು ಹೌದು, ಅದಕ್ಕೆ ಮನೆಮನೆಗೆ ಬಂದ ದೂರದರ್ಶನವೂ ಕಾರಣ. ಸಾಯಲಂತೂ ಇಲ್ಲ. ಜರ್ಮನಿಯ ರೊಂಕಾಲಿ ಎಂಬ ಸರ್ಕಸ್ ಬೆಳಕಿನಿಂದ ಮೂಡಿಸಿದ ಆನೆ, ಕುದುರೆಗಳನ್ನು ಅಂಗಳದಲ್ಲಿ ಓಡಿಸುತ್ತದೆ. ಅಮೆರಿಕದ ಹೆಸರಾಂತ ರಿಂಗ್‌ಲಿಂಗ್ ಸರ್ಕಸ್ 2016ರಲ್ಲಿ ಆನೆಗಳನ್ನು ಕೈಬಿಟ್ಟು, 2017ರಲ್ಲಿ ಬಾಗಿಲು ಮುಚ್ಚಿ, 2023ರಲ್ಲಿ ಒಂದೂ ಮೃಗವಿಲ್ಲದೆ ಮತ್ತೆ ತೆರೆಯಿತು. ಮಕ್ಕಳ ಆಟವನ್ನು ನೋಡಬಯಸುವ ಜನ ಈಗ ಸಂಜೆಯ ಹೊತ್ತು ದೂರದರ್ಶನದ ಮುಂದೆ ಕುಳಿತಿರುತ್ತಾರೆ. ಅಲ್ಲಿ ಆರು ವರ್ಷದ ಹುಡುಗಿ ದೊಡ್ಡವರ ಹಾವಭಾವಗಳನ್ನು ತೋರಿಸಿ ಕುಣಿಯುತ್ತಾಳೆ. ಸೋತ ಹುಡುಗನ ಅಳುವ ಮುಖವನ್ನು ಕ್ಯಾಮರಾ ಹತ್ತಿರದಿಂದ ಹಿಡಿಯುತ್ತದೆ. ಅಂತಹ ಮಕ್ಕಳನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು, ವಿಶ್ರಾಂತಿಯಿಲ್ಲದೆ 3 ಗಂಟೆ ಮೀರಬಾರದು, ಗಳಿಕೆಯಲ್ಲಿ ಶೇಕಡಾ 20ರಷ್ಟನ್ನಾದರೂ ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಡಬೇಕು ಎಂದು 2017ರ ನಿಯಮಗಳು ಹೇಳುತ್ತವೆ. ಇಂತಹ ಕಟ್ಟಳೆ ಬೇಕಾದುದೇಕೆಂದು ತಿಳಿಯಲು ಜಾಕಿ ಕೂಗನ್ ಎಂಬಾತನ ಕಥೆ ಸಾಕು. 1921ರಲ್ಲಿ ಚಾರ್ಲಿ ಚಾಪ್ಲಿನ್ನರ 'ದಿ ಕಿಡ್' ಚಿತ್ರದಲ್ಲಿ ನಟಿಸಿ ಜಗತ್ತಿನ ಮುದ್ದಿನ ಮಗುವೆನಿಸಿದ ಆತನು ಪ್ರಾಯಕ್ಕೆ ಬಂದು ನೋಡಿದಾಗ, ತಾನು ಗಳಿಸಿದ ಹಣದ ಬಹುಭಾಗವನ್ನು ತಾಯಿ ಮತ್ತು ಮಲತಂದೆ ಖರ್ಚು ಮಾಡಿ ಮುಗಿಸಿದ್ದರು. ಆತನು ಹೂಡಿದ ವ್ಯಾಜ್ಯದ ಫಲವಾಗಿ ಕ್ಯಾಲಿಫೋರ್ನಿಯದಲ್ಲಿ 1939ರಲ್ಲಿ ಬಾಲನಟರ ಗಳಿಕೆಯನ್ನು ಕಾಯುವ ಕಾನೂನು ಬಂದಿತು. ಅದಕ್ಕೆ ಆತನದೇ ಹೆಸರು.

ಸರ್ಕಸ್ಸಿಗಿಂತ ಬಹಳ ಹಿಂದಿನಿಂದ ನಮ್ಮ ಬೀದಿಗಳಲ್ಲಿ ಕರಡಿಯಾಟವಿತ್ತು. ಡಮರು ಬಾರಿಸುತ್ತ ಕರಡಿಯವನು ಬಂದರೆ ಮನೆಯವರು ಹೆದರಿದ ಮಗುವನ್ನು ಎತ್ತಿ ತಂದು ಕರಡಿಯ ಬೆನ್ನಿನ ಮೇಲೆ ಕೂರಿಸುತ್ತಿದ್ದರು. ಕರಡಿಯ ಕೂದಲಿನ ತಾಯಿತ ಕಟ್ಟಿಸುತ್ತಿದ್ದರು. ಹಾಗೆ ಮಾಡಿದರೆ ಮಗುವಿನ ಅಂಜಿಕೆ ಬಿಟ್ಟುಹೋಗುವುದೆಂದು ನಂಬಿಕೆ. ಆ ಕರಡಿಯನ್ನು ಮರಿಯಾಗಿದ್ದಾಗಲೇ ತಾಯಿಯಿಂದ ಅಗಲಿಸಿ, ಕಾದ ಕಬ್ಬಿಣದ ಸಲಾಕೆಯಿಂದ ಮೂತಿಯನ್ನು ತೂತು ಮಾಡಿ, ಅದರೊಳಗೆ ಹಗ್ಗ ಪೋಣಿಸಿ, ಕೋರೆಹಲ್ಲುಗಳನ್ನು ಮುರಿದಿರುತ್ತಿದ್ದರು. ಹಗ್ಗ ಜಗ್ಗಿದಾಗ ನೋವಿಗೆ ಹಿಂಗಾಲ ಮೇಲೆ ಏಳುವುದೇ ಅದರ ಕುಣಿತ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದನ್ನು ನಿಷೇಧಿಸಿದರೂ ಆಟ ನಿಲ್ಲಲು ಹಲವು ದಶಕಗಳು ಬೇಕಾದವು. ಕರಡಿಯನ್ನೇ ನಂಬಿದ್ದ ಕಲಂದರ್ ಜನರಿಗೆ ಬೇರೆ ಕಸುಬು ಹಿಡಿಸಿ, ಅವರ ಮಕ್ಕಳನ್ನು ಶಾಲೆಗೆ ಸೇರಿಸಿ, ನೂರಾರು ಕರಡಿಗಳನ್ನು ಬಿಡಿಸಿಕೊಂಡ ಮೇಲೆ, 2009ರ ಡಿಸೆಂಬರಿನಲ್ಲಿ ರಾಜು ಎಂಬ ಕರಡಿಯನ್ನು ಬೆಂಗಳೂರಿನ ಬಳಿಯ ಬನ್ನೇರುಘಟ್ಟದ ಆಶ್ರಯಧಾಮಕ್ಕೆ ತಂದರು. ಭಾರತದ ಬೀದಿಗಳಲ್ಲಿ ಉಳಿದಿದ್ದ ಕುಣಿಯುವ ಕರಡಿಗಳಲ್ಲಿ ಅದು ಕೊನೆಯದೆಂದು ಅಂದು ಸಾರಲಾಯಿತು. ಸರ್ಕಸ್ಸುಗಳಿಂದ ಬಿಡುಗಡೆ ಹೊಂದಿದ ಹುಲಿ ಸಿಂಹಗಳನ್ನೂ ಅದೇ ಬನ್ನೇರುಘಟ್ಟದಲ್ಲಿ ಇರಿಸಿ ಸಾಕಿದರು. ಮೂತಿಯ ಹಗ್ಗವನ್ನು ಕತ್ತರಿಸಿ ತೆಗೆಯಲು ಕೆಲವೇ ನಿಮಿಷ ಸಾಕು. ತೂತಿನ ಗಾಯ ಮಾಯಲು ತಿಂಗಳುಗಳು ಬೇಕು. ಹೀಗೆ ಬಿಡಿಸಿ ತಂದ ಪ್ರಾಣಿಗಳಲ್ಲಿ ಕೆಲವು, ಸುತ್ತ ಮರವೂ ನೆರಳೂ ತಿರುಗಾಡಲು ನೆಲವೂ ಇದ್ದರೂ, ಒಮ್ಮೊಮ್ಮೆ ಒಂದೆಡೆ ನಿಂತು ತಲೆಯನ್ನು ಎಡಕ್ಕೂ ಬಲಕ್ಕೂ ತೂಗುತ್ತಲೇ ಇರುತ್ತವೆ.